ಕೆನ್ನೆಯ ಮೇಲಿನ ಬಂಗು

"ಕಣ್ಣ್ ಮುಚ್ಕೋ ಹೆಣೆ, ಉರಿತ್ತ್," ಎಂದು ಹಾಲಿನಲ್ಲಿ ತೇದ ಜಾಯಿಕಾಯಿಯನ್ನು ಸೊಸೆಯ ಕೆನ್ನೆಗೆ ಹಚ್ಚಲು ಬೆರಳೆತ್ತಿದ ಅಕ್ಕು ಹಾಗೆಯೇ ತಡೆದು ನಿಂತಳು. ಜಗಲಿಯ ಎಳೆಬಿಸಿಲಲ್ಲಿ ಜಲಜಳ ಮುಖ ನಿಚ್ಚಳವಾಗಿ ಕಾಣುತ್ತಿತ್ತು. ಎರಡೂ ಕೆನ್ನೆಯ ಮೇಲೆ ಕಂದುಗಪ್ಪು ಬಂಗು ಹರಡಿತ್ತು.

"ಎಂತ ಅತ್ತೆ?"

"ಎಂತ ಇಲ್ಲ." ಅಕ್ಕು ಕಡಲಿನ ಕಡೆ ನೋಡಿದಳು. ಆಮೇಲೆ ದನಿ ತಗ್ಗಿಸಿ, "ವನಜಂಗೂ ಹೀಂಗೇ ಇದ್ದಿತ್. ಇದೇ ಜಾಗ್ದಗೆ," ಎಂದಳು.

ವನಜ ಅಕ್ಕುವಿನ ಮಗ ಗುಡ್ಡನ ಮೊದಲ ಹೆಂಡತಿ. ಕಿರಿಮಂಜೇಶ್ವರದ ಕಡಲಬಂಡೆಗಳ ಮೇಲೆ ಚಿಪ್ಪು ಕೀಳಲು ಹೋದವಳನ್ನು ತೆರೆ ಎಳೆದುಕೊಂಡಿತ್ತು. ಹೆಣ ದಡಕ್ಕೆ ಬರಲೇ ಇಲ್ಲ. ಆಗ ಮಗಳು ಚಂದ್ರಮತಿ ಇನ್ನೂ ತೊಟ್ಟಿಲಲ್ಲಿದ್ದಳು. ಈಗ ಓಡಾಡುವ ಹುಡುಗಿಯಾದರೂ ಜಲಜಳನ್ನು ಏನೆಂದೂ ಕರೆದವಳಲ್ಲ. ಅವಳು ಕಲಸಿಕೊಟ್ಟ ಅನ್ನ ಮುಟ್ಟುತ್ತಿರಲಿಲ್ಲ, ಅಜ್ಜಿಯ ಮಗ್ಗುಲು ಬಿಟ್ಟು ಮಲಗುತ್ತಿರಲಿಲ್ಲ. ಜಲಜ ಬಸುರಿಯಾಗಿದ್ದಾಗ ಕೆನ್ನೆಯ ಮೇಲೆ ಬಂಗು ಎದ್ದಿತ್ತು. ಕೂಸು ಹುಟ್ಟುವಾಗಲೇ ಉಸಿರಿರಲಿಲ್ಲ. ಬಂಗು ಮಾತ್ರ ಉಳಿದುಕೊಂಡಿತು.

ಜಾಯಿಕಾಯಿ, ಅರಸಿನ, ರಕ್ತಚಂದನ, ಲಿಂಬೆರಸ, ಯಾವುದಕ್ಕೂ ಅದು ಜಗ್ಗಲಿಲ್ಲ. ಬೊಂಬಾಯಿಯ ಹೋಟೆಲಿನಲ್ಲಿದ್ದ ಜಲಜಳ ತಮ್ಮ ಪ್ರೇಮಾನಂದ ರಜೆಗೆ ಬಂದಾಗ ಒಂದು ಮುಲಾಮಿನ ಡಬ್ಬಿ ತಂದುಕೊಟ್ಟ. "ಅಲ್ಲಿ ಎಲ್ಲಾ ಹೆಂಗ್ಸ್ರೂ ಹಚ್ಕಂತ್ರ್ ಅಕ್ಕ," ಎಂದ. ಹಚ್ಚಿದ ಹೊಸದರಲ್ಲಿ ಮುಖ ಬೆಳ್ಳಗಾಯಿತು. ಬಿಜೂರಿನ ಮನೆಗಳಿಗೆ ಮೀನು ಹೊತ್ತು ಹೋದಾಗ ಹೆಂಗಸರು ಹೊಗಳಿದರು. ಆದರೆ ಬಿಸಿಲಿಗೆ ಮುಖ ಉರಿದು ಕೆಂಪಾಯಿತು. ಉರಿ ಆರುತ್ತಲೇ ಬಂಗು ಮೊದಲಿಗಿಂತ ದಟ್ಟವಾಗಿ, ಅಂಚು ಕೊರೆದಂತೆ ಮೇಲೆದ್ದಿತು.

ಹಾಗಿರುವಾಗ ಒಂದು ಸಂಜೆ ಕಡಲಿನಿಂದ ಬಂದ ಗುಡ್ಡ ಅಂಗಳದಲ್ಲೇ ನಿಂತ. ಬಾಗಿಲಲ್ಲಿ ಜಲಜ ದೀಪ ಹಿಡಿದಿದ್ದಳು. "ವನಜಾ..." ಎಂಬ ಮಾತು ಅವನ ಬಾಯಿಂದ ಜಾರಿತು. ತಾನೇ ಬೆಚ್ಚಿ, ಬಲೆ ಅಲ್ಲೇ ಇಳಿಸಿ, ಊಟಕ್ಕೂ ಬಾರದೆ ದೋಣಿಯ ಕಡೆಗೆ ಹೋಗಿಬಿಟ್ಟ.

ಜಲಜ ದೀಪವನ್ನು ನೆಲಕ್ಕಿಟ್ಟು ಹೊಸ್ತಿಲಲ್ಲೇ ಕುಸಿದಳು. ಆಗ ಒಳಗಿನಿಂದ ಚಂದ್ರಮತಿ ಬಂದಳು. ಮೊದಲ ಸಲ ಅವಳ ಮಡಿಲಿಗೆ ಹತ್ತಿ ಕೂತು, ಬಂಗಿನ ಅಂಚಿನ ಗುಂಟ ಬೆರಳಾಡಿಸುತ್ತ, "ಅಬ್ಬಿ," ಎಂದಳು.

ಅಮ್ಮನಿಗೆ ಊರ ಮಕ್ಕಳೆಲ್ಲ ಕರೆಯುವ ಮಾತದು. ಜಲಜಳಿಗೆ ಅದನ್ನು ಕೇಳಿ ಎದೆ ತುಂಬಿತು, ಮೈ ಜುಮ್ಮೆಂದಿತು. ಮಗುವನ್ನು ಅಪ್ಪಿಕೊಂಡಳು. ಮಗು ಮಾತ್ರ ಅವಳ ಕಣ್ಣನ್ನು ನೋಡಲಿಲ್ಲ, ಕೆನ್ನೆಯನ್ನಷ್ಟೇ ನೋಡುತ್ತಿತ್ತು.

"ವನಜ ಬಂದಿತ್, ಪಾತ್ರಿ ಹತ್ರ ಕೇಂಬ," ಎಂದು ಅಕ್ಕು ದೈವ ಮೈದುಂಬುವ ಪಾತ್ರಿಯಲ್ಲಿಗೆ ಹೋಗಲು ಹಟ ಹಿಡಿದಳು. ಗುಡ್ಡ ಒಪ್ಪಲಿಲ್ಲ. ತನ್ನ ಬಾಯಿಂದ ಬಿದ್ದ ಮಾತಿಗೆ ನಾಚಿದ್ದನೋ ಏನೋ, ತಾನೇ ಹೆಂಡತಿಯನ್ನು ಬಸ್ಸು ಹತ್ತಿಸಿ ಕುಂದಾಪುರಕ್ಕೆ ಕರೆದೊಯ್ದ. ಅಲ್ಲಿನ ಡಾಕ್ಟರಮ್ಮ ಕಿಟಕಿಯ ಬೆಳಕಿಗೆ ಅವಳ ಮುಖ ತಿರುಗಿಸಿ ನೋಡಿದರು.

"ಬಸುರಿನಲ್ಲಿ ಬರುವಂಥದ್ದಮ್ಮ ಇದು. ಕಪ್ಪು ಮೈಯವರು ಇಂಥ ಸುಡುವ ಮುಲಾಮು ಹಚ್ಚಿದರೆ ಇನ್ನಷ್ಟು ಕಪ್ಪಾಗುತ್ತೆ. ಆ ಡಬ್ಬಿ ಎಸೆದುಬಿಡು. ಉಜ್ಜಬೇಡ, ಬಿಸಿಲಿಗೆ ಮುಖ ಒಡ್ಡಬೇಡ. ನಾನು ಕೊಡೋದನ್ನ ತೆಳ್ಳಗೆ ಹಚ್ಚು. ನಿಧಾನವಾಗಿ ತಿಳಿಯಾಗುತ್ತೆ. ಪೂರ್ತಿ ಹೋಗುತ್ತೆ ಅಂತ ಹೇಳಲಾರೆ."

"ಗಂಡನ ಮೊದ್ಲಿನ ಹೆಂಡ್ತಿಗೂ ಇದ್ದಿತ್ ಅಂಬ್ರ್, ಅಮ್ಮ," ಎಂದಳು ಜಲಜ.

"ತುಂಬ ಹೆಂಗಸರಿಗೆ ಇರುತ್ತೆ."

ಜಲಜ ಸೆರಗನ್ನು ಮುಂದಕ್ಕೆಳೆದು ನೆರಳು ಹಿಡಿದು ನಡೆಯುವುದನ್ನು ಕಲಿತಳು. ಮಳೆಗಾಲ ಕಳೆಯುವಷ್ಟರಲ್ಲಿ ಬಲಗೆನ್ನೆ ತಿಳಿಯಾಯಿತು, ಎಡಗಡೆಯದು ಅಂಚಿನಿಂದ ಸವೆಯುತ್ತ ಬಂತು. ಗುಡ್ಡ ಈಗ ಅವಳ ಎದುರು ಕೂತು ಉಣ್ಣುತ್ತಿದ್ದ. ಆದರೆ ಬಂಗು ಇಳಿದಂತೆ ಚಂದ್ರಮತಿಯ ಮಾತೂ ಇಳಿಯಿತು. ದಿನಾ ಬೆಳಿಗ್ಗೆ ಬಂದು ಕೆನ್ನೆ ನೋಡುವಳು, 'ಅಬ್ಬಿ' ಎನ್ನದೆ ತಿರುಗಿ ಹೋಗುವಳು. ಡಾಕ್ಟರಮ್ಮ ಕೊಟ್ಟ ಮದ್ದನ್ನು ಕೈಗೆತ್ತಿಕೊಂಡು ಜಲಜ ಎಷ್ಟೋ ಸಲ ಹಚ್ಚದೆ ಹಾಗೇ ಇಟ್ಟದ್ದುಂಟು.

ಒಂದು ಮಧ್ಯಾಹ್ನ ಜಗಲಿಯಲ್ಲಿ ಕಣ್ಣು ಹತ್ತಿದ್ದ ಅವಳಿಗೆ ಕೆನ್ನೆಯ ಮೇಲೆ ಏನೋ ತಣ್ಣಗೆ ಹರಿದಂತಾಗಿ ಎಚ್ಚರವಾಯಿತು. ಚಂದ್ರಮತಿ ಪಕ್ಕದಲ್ಲೇ ಕೂತಿದ್ದಳು. ಅನ್ನದ ಮಡಕೆಯ ಮಸಿಯನ್ನು ನೀರಲ್ಲಿ ಕಲಸಿ ಬೆರಳದ್ದಿ ಬರೆಯುತ್ತಿದ್ದಳು. ಅಳಿಸಿಹೋದ ಬಂಗನ್ನು ತುಂಬಿಯಾಗಿತ್ತು. ಬೆರಳು ಅಲ್ಲಿಗೆ ನಿಲ್ಲದೆ ದವಡೆಯ ಮೇಲಿಂದ ಇಳಿದು, ಜಲಜಳಿಗೆ ಯಾವತ್ತೂ ಬಂಗಿಲ್ಲದ ಗದ್ದದ ಮೂಲೆಯಲ್ಲಿ ಒಂದು ಬಾಲ ಎಳೆಯಿತು.

ನೀರು ತರುತ್ತಿದ್ದ ಅಕ್ಕುವಿನ ಕೈಯಿಂದ ಕೊಡ ಜಾರಿತು.

"ಅಲ್ಲಿವರಿಗೂ ಇದ್ದಿತ್," ಎಂದಳು ಅವಳು. "ವನಜಂಗೆ ಅಲ್ಲಿವರಿಗೂ ಇದ್ದಿತ್. ಇವ್ಳಿಗ್ ಹ್ಯಾಂಗೆ ಗೊತ್ತ್? ನಾನ್ ಹೇಳ್ಲೇ ಇಲ್ಲ."

ಜಲಜ ಅಲುಗಾಡಲಿಲ್ಲ. ಅಂಗಳದಲ್ಲಿ ಚೆಲ್ಲಿದ ನೀರು ಮರಳಿಗೆ ಇಂಗುವ ಸದ್ದು ಕೇಳಿಸುತ್ತಿತ್ತು. ಅಕ್ಕು ಒದ್ದೆ ಬಟ್ಟೆ ಹಿಡಿದು ಹತ್ತಿರ ಬಂದಳು.

"ಬ್ಯಾಡ ಅತ್ತೆ," ಎಂದಳು ಜಲಜ. "ಒಂಚೂರ್ ಇರ್ಲಿ."

ಚಂದ್ರಮತಿ ಇನ್ನೂ ಹತ್ತಿರ ಸರಿದು ಕೂತಳು. ತುಟಿ ಮುಂದೆ ಮಾಡಿ, ಮಸಿ ಒಣಗಲೆಂದು, ಆ ಕೆನ್ನೆಯ ಮೇಲೆ ಮೆಲ್ಲಗೆ ಊದತೊಡಗಿದಳು.