ಮುಸುಕಿನೊಳಗಿನ ಹರಕೆ

ನಮ್ಮ ನದಿದಂಡೆಯ ಊರಲ್ಲಿ ಶುಭ ಶುಕ್ರವಾರದಂದು ಪಾಪ ಕಳೆಯಲೆಂದು ಬೆನ್ನಿಗೆ ಚಾಟಿಯಿಂದ ಹೊಡೆದುಕೊಳ್ಳುತ್ತ ನಡೆಯುವವರು ಮುಖ ತೋರಿಸಬಾರದು. ತೋರಿಸಿದರೆ ಅದು ಜನರ ಮೆಚ್ಚುಗೆಗೆ ಮಾಡಿದ್ದಾಗುತ್ತದೆ, ಹರಕೆ ಮುರಿಯುತ್ತದೆ ಎಂಬುದು ಹಿರಿಯರ ಮಾತು. ಆ ಮುಸುಕಿನ ನೆರಳಲ್ಲೇ ಸೆವೆರಿನೊ ಏಳು ತಪಸ್ಸುಕಾಲ ಕಳೆದ. ಈಸ್ಟರ್‌ಗೆ ಮುಂಚಿನ ಆ ನಲವತ್ತು ದಿನ ಬರೀ ಅನ್ನ, ಉಪ್ಪು. ಶುಕ್ರವಾರ ಮಧ್ಯಾಹ್ನ ಮೂರರವರೆಗೆ ತೊಟ್ಟು ನೀರೂ ಇಲ್ಲ. ಗುರುತು ಸಿಗದಿರಲೆಂದು ನೆರೆಯೂರಿನವರ ಸಾಲಿನಲ್ಲಿ ಸೇರಿಕೊಳ್ಳುತ್ತಿದ್ದ.

ತನ್ನ ಕೈತಪ್ಪಿನಿಂದ ಮೀನಿನ ದೋಣಿ ಸುಟ್ಟಾಗ ಅವನು ಅದನ್ನು ಭಾವ ಪೊಲೊನ್‌ನ ತಲೆಗೆ ಕಟ್ಟಿದ್ದ. ಅವಮಾನ ತಾಳದೆ ಊರು ಬಿಟ್ಟ ಭಾವ ದೂರದ ದ್ವೀಪದಲ್ಲೇ ತೀರಿಕೊಂಡ. ಗಂಡನನ್ನು ಕಳೆದುಕೊಂಡ ಅಕ್ಕ ಲುಮಿಂಗ್ ತಮ್ಮನೊಡನೆ ಮಾತು ಬಿಟ್ಟಳು. ಸೆವೆರಿನೊ ದೇವರ ಮುಂದೆ ಎಷ್ಟೋ ಸಲ ಅತ್ತ. ಅಕ್ಕನ ಮುಂದೆ ಮಾತ್ರ ಬಾಯಿ ಬಿಡಲಿಲ್ಲ.

ಈ ವರ್ಷ, ಯೇಸುವಿನ ಪಾಡಿನ ಕಥೆ ಹಾಡುತ್ತಿದ್ದ ಚಪ್ಪರದೆದುರು ಅವನು ಹರಕೆಯ ಕ್ರಮದಂತೆ ಬೋರಲು ಬಿದ್ದು ಎದ್ದ. ಈತನ ಏಟು ಮೆತ್ತಗಿದೆ, ಪಾಪವೂ ಸಣ್ಣದೇ ಇರಬೇಕು ಎಂದು ಮುದುಕಿಯರು ಆಡಿಕೊಂಡರು. ಚಪ್ಪರದಲ್ಲಿದ್ದ ಲುಮಿಂಗ್ ನಗಲಿಲ್ಲ. ಶುಂಠಿ ಕಷಾಯದ ಲೋಟ ಹಿಡಿದು ಬಂದಳು. ಅವನು ಬೇಡವೆಂದು ತಲೆಯಾಡಿಸಿದ.

"ಬೇಡ್ವಾ, ಬಿಡು," ಎಂದಳು ಮೆಲ್ಲಗೆ. "ಯಾರ ಮನೆ ಮಗನೋ, ಇಷ್ಟು ನೋವು ತಿಂತಿದೀಯ. ನಿನ್ ಮಾತು ದೇವರಿಗೆ ಮುಟ್ಟತ್ತೆ. ನಂಗೊಬ್ಬ ತಮ್ಮ ಇದಾನೆ. ಅವನ ಮೇಲೆ ಸಿಟ್ಟಿಟ್ಕೊಂಡೇ ಉಪವಾಸ ಮಾಡ್ತೀನಿ. ಚರ್ಚಲ್ಲಿ ಪರಮಪ್ರಸಾದ ತಗೊಳೋಕೂ ಮನಸ್ಸು ಬರಲ್ಲ. ಈ ಕಲ್ಲು ಕರಗ್ಲಿ ಅಂತ ಕೇಳ್ಕೋ."

ಆಗಲೆಂದು ತಲೆಯಾಡಿಸಿ ನಡೆದುಬಿಟ್ಟರೆ ಹರಕೆ ಉಳಿಯುತ್ತಿತ್ತು. ಎರಡು ಹೆಜ್ಜೆ ಹೋದದ್ದೂ ಹೌದು. ಆಮೇಲೆ ತಿರುಗಿ ಬಂದು ಮುಸುಕು ಎತ್ತಿದ.

"ಅಕ್ಕಾ, ದೋಣಿ ಸುಟ್ಟಿದ್ದು ನಾನು. ಭಾವ ಅಲ್ಲ."

ಹಾಡು ನಡೆದೇ ಇತ್ತು. ಲುಮಿಂಗ್ ಕೈಯಲ್ಲಿದ್ದ ಲೋಟವನ್ನು ನೆಲಕ್ಕಿಟ್ಟಳು.

"ನೀನು ನಿಜ ಹೇಳ್ಲಿ ಅಂತ ಏಳು ವರ್ಷ ಬೇಡ್ಕೊಂಡೆ ಕಣೋ. ಈಗ ನೀನು ಹೇಳ್ದೆ. ಕ್ಷಮಿಸ್ಬೇಕು ಅಂತ ಗೊತ್ತು. ಆಗ್ತಿಲ್ವಲ್ಲ, ಏನ್ ಮಾಡ್ಲಿ?"

ಹಾಡುವ ಸರದಿ ಅವಳದೆಂದು ಒಳಗಿನಿಂದ ಕರೆದರು. ಲುಮಿಂಗ್ ಹೋಗಿ ಕೂತಳು. ಪುಸ್ತಕದ ಸಾಲು ಕಾಣುತ್ತಿದ್ದರೂ ದನಿ ಹೊರಡಲಿಲ್ಲ. ಹೊರಗೆ ಸುಡುಬಿಸಿಲಲ್ಲಿ ಸೆವೆರಿನೊ ಬರಿಮುಖದಲ್ಲೇ ಮೊಣಕಾಲೂರಿದ್ದ.