ನ್ಯಾಪಾಲ್‌ಳ ಜೋಳದ ಹೊಲ

"ಆಗಲ್ಲ," ಎನ್ನುತ್ತ ನ್ಯಾಪಾಲ್ ತೆನೆಯೊಂದನ್ನು ಬಗ್ಗಿಸಿ ಕಾಳು ಹಿಸುಕಿದಳು. ಬೆರಳಿಗೆ ಬಿಳಿ ಹಾಲು ಅಂಟಿತು. "ನೋಡು, ಇನ್ನೂ ಹಾಲು. ಹದಿನೈದು ದಿನ ಬಿಟ್ಟು ಬಾ. ಆಮೇಲೆ ನಿನ್ ವಿಮಾನ ಏನ್ ಬೇಕಾದ್ರೂ ಉದುರಿಸ್ಲಿ."

ನೆರವು ಸಂಸ್ಥೆಯ ಗಾಟ್‌ಬೆಲ್ ಕೆಸರು ಮೆತ್ತಿದ ಬೂಟಿನಲ್ಲಿ ನಿಂತಿದ್ದ. ಅವನೂ ಅವಳಂತೆ ನುಯೆರ್ ಬುಡಕಟ್ಟಿನವನೇ, ನದಿಯಾಚೆಯವನು. ನೈಲ್ ಉಕ್ಕಿ ಸುತ್ತಲೆಲ್ಲ ನೀರು ನಿಂತಿತ್ತು. ವಿಮಾನದಿಂದ ಕಾಳಿನ ಮೂಟೆ ಬೀಳಿಸಲು ಒಣ ನೆಲವೆಂದರೆ ದಿಬ್ಬದ ಮೇಲಿನ ಈ ಹೊಲವೊಂದೇ.

"ನಾಡಿದ್ದು ತಪ್ಪಿದ್ರೆ ವಿಮಾನ ಮುಂದಿನ ತಿಂಗಳೇ, ಚಿಕ್ಕವ್ವ."

"ಮೂರು ವರ್ಷ ಆಯ್ತು ಮಗಾ, ನಾನು ಬೆಳೆ ಕಂಡು. ಒಂದ್ಸಲ ಸಿಪಾಯಿಗಳು ಬೆಂಕಿ ಇಟ್ರು, ಒಂದ್ಸಲ ನೀರು ನುಂಗ್ತು. ಈಗ ನೀನು, ಅನ್ನ ಕೊಡ್ತೀನಿ ಅಂತ ಬಂದಿದೀಯ."

ಗಾಟ್‌ಬೆಲ್ ಬೂಟಿನ ಕೆಸರು ಕೊಡವಿದ. "ಬಲವಂತ ಇಲ್ಲ. ಸಂಜೆಗೆ ರೇಡಿಯೋದಲ್ಲಿ ಜಾಗ ಸಿಗ್ಲಿಲ್ಲ ಅಂತ ಹೇಳ್ಬಿಡ್ತೀನಿ."

ಗುಡಿಸಲಿಗೆ ಹಿಂದಿರುಗುವ ದಾರಿಯಲ್ಲಿ ಹುಣಸೆಮರಗಳಿದ್ದವು. ಗುಂಡಿನ ಸದ್ದಿಗೆ ಹೆದರಿ ಉತ್ತರದಿಂದ ಓಡಿಬಂದವರು ಅವುಗಳ ಕೆಳಗೆ ಬೀಡುಬಿಟ್ಟಿದ್ದರು. ನ್ಯಾಪಾಲ್ ತಲೆ ತಗ್ಗಿಸಿ ದಾಟುತ್ತಿದ್ದಾಗ, ಒಲೆಯ ಮುಂದಿದ್ದ ಹೆಂಗಸೊಬ್ಬಳು ಕರೆದಳು. ಬೆನ್ನಿಗೆ ಕೂಸು ಕಟ್ಟಿಕೊಂಡಿದ್ದಳು.

"ಯಾಕಕ್ಕ, ಹಂಗೇ ಹೋಗ್ತೀಯಾ? ಕೂತ್ಕೋ. ಒಂದ್ ತುತ್ತು ತಿಂದ್ಹೋಗು."

ಮಡಕೆಯಲ್ಲಿದ್ದದ್ದು ಬೇಯಿಸಿದ ನೈದಿಲೆ ಗಡ್ಡೆ, ಅದೂ ತಳದಲ್ಲಷ್ಟೇ. ಬೇಡವೆನ್ನಲು ನ್ಯಾಪಾಲ್‌ಗೆ ಬಾಯಿ ಬರಲಿಲ್ಲ. ಕೂತಳು, ತಿಂದಳು. ಕೂಸು ಅವಳ ಬಾಯಿಯನ್ನೇ ನೋಡುತ್ತಿತ್ತು.

ಎದ್ದವಳು, ವಿಮಾನ ಬರಲಿ ಎಂದು ಹುಡುಗನೊಬ್ಬನ ಕೈಲಿ ಗಾಟ್‌ಬೆಲ್‌ಗೆ ಹೇಳಿ ಕಳಿಸಿ, ಮನೆಗೆ ಹೋಗಿ ಕುಡುಗೋಲು ತೆಗೆದುಕೊಂಡು ಹೊಲಕ್ಕೆ ಬಂದಳು.

"ತಲೆ ಕೆಟ್ಟಿದೆಯೇನೇ? ಹಸಿ ತೆನೆ ಕೊಯ್ತಿದೀಯ!" ಎಂದಳು ಪಕ್ಕದ ಮನೆಯ ಬುವಾಯ್.

"ಕಂಡೋರ ಮೂಟೆ ಅಡಿ ಯಾಕೆ ಸಾಯ್ಬೇಕು ಅದು? ಬಾಯಿ ಮುಚ್ಕೊಂಡು ಕೈ ಹಾಕು."

ಬುವಾಯ್ ಕೈ ಹಾಕಿದಳು. ಆಮೇಲೆ ಹುಣಸೆಮರದ ಕೆಳಗಿನವರೂ ಬಂದರು. ಮಕ್ಕಳು ಸಿಹಿದಂಟು ಸಿಗಿದು ಅಗಿಯುತ್ತ ಗಲಾಟೆ ಎಬ್ಬಿಸಿದವು. ಕೊನೆಯ ಸಾಲಿಗೆ ಬಂದಾಗ ಮಾತ್ರ ನ್ಯಾಪಾಲ್ ಯಾರನ್ನೂ ಹತ್ತಿರ ಬಿಡಲಿಲ್ಲ, ಒಬ್ಬಳೇ ಕೊಯ್ದಳು.

ಮೂರನೆಯ ದಿನ ವಿಮಾನ ಬಂತು. ಮೂಟೆಗಳು ಧಡಧಡನೆ ಬಿದ್ದು ಕೂಳೆಯ ನಡುವೆ ಗುಂಡಿ ತೋಡಿದವು. ಒಡೆದ ಮೂಟೆಯೊಂದರಿಂದ ನ್ಯಾಪಾಲ್ ಹಿಡಿ ಕಾಳು ಎತ್ತಿಕೊಂಡಳು. ಬಿಳಿ ಜೋಳ, ಅವಳದು ಕೆಂಪು.

"ಬಿತ್ತಿದ್ರೆ ಇದು ಹುಟ್ಟುತ್ತಾ?"

"ಗೊತ್ತಿಲ್ಲ, ಚಿಕ್ಕವ್ವ. ತಿನ್ನೋಕೆ ಅಂತ ಕಳ್ಸಿರೋದು," ಎಂದ ಗಾಟ್‌ಬೆಲ್. "ಬನ್ನಿ, ಮೊದಲು ನಿಮ್ದೇ ಹೆಸರು ಬರ್ಕೊಳ್ತೀನಿ."

ಅವಳು ಮೂಟೆ ಬಿದ್ದ ಗುಂಡಿಯೊಂದರ ಅಂಚಿನಲ್ಲಿ ನಾಲ್ಕು ಕಾಳು ಉದುರಿಸಿ, ಹಿಮ್ಮಡಿಯಿಂದ ಮಣ್ಣೊತ್ತಿ, ಕಾಳಿಗಾಗಿ ಕಾದಿದ್ದವರ ಸಾಲಿನ ಕೊನೆಗೆ ಹೋಗಿ ನಿಂತಳು.