ಎಡಚಿಯ ಹೊಲಿಗೆ

ಚೀಲ ಬಿಚ್ಚಿದ ಕೂಡಲೇ ಮೊದಲು ಜೇಬು ತಿರುವಬೇಕು. ದಾನದ ಅಂಗಡಿಯಲ್ಲಿ ನರ್ಸಮ್ಮ ನನಗೆ ಕಲಿಸಿದ ಮೊದಲ ಕೆಲಸ ಅದು. ಹಳೆ ಬಟ್ಟೆ ಕೊಡುವವರು ಜೇಬು ನೋಡಿ ಕೊಡುವುದಿಲ್ಲ. ಹಲ್ಲಿನ ಸೆಟ್ಟು, ಅರ್ಧ ಚೀಪಿದ ಪೆಪ್ಪರ್‌ಮೆಂಟು, ಬರೆದು ಕಳಿಸದೆ ಉಳಿದ ಪತ್ರ, ಎಲ್ಲ ಸಿಕ್ಕಿವೆ. ಜೇಬು ಆದಮೇಲೆ ಕಂಕುಳು, ಕಾಲರು, ಗುಂಡಿ. ಚೆನ್ನಾಗಿದ್ದರೆ ಹ್ಯಾಂಗರಿಗೆ, ಇಲ್ಲದಿದ್ದರೆ ಚಿಂದಿ ಚೀಲಕ್ಕೆ.

ನರ್ಸಮ್ಮ ಮೊದಲು ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ಈಗ ಅದೇ ಆಸ್ಪತ್ರೆಗಾಗಿ ಈ ಅಂಗಡಿ ನಡೆಸುತ್ತಾರೆ. ಕಿವಿ ಅಷ್ಟಕ್ಕಷ್ಟೆ, ಬಾಯಿ ಮಾತ್ರ ಚುರುಕು. ಅವರು ಮುಂದೆ, ನಾನು ಹಿಂದಿನ ಕೋಣೆಯಲ್ಲಿ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಎದುರಿಗೆ ಯಾರಾದರೂ ನಿಂತರೆ ನನ್ನ ಗಂಟಲು ಕಟ್ಟುತ್ತದೆ. ನಡುವಿನ ಪರದೆಯಲ್ಲಿ ಬೆರಳಗಲದ ಒಂದು ತೂತಿದೆ. ಅದಕ್ಕೆ ಕಣ್ಣಿಟ್ಟರೆ ಅಂಗಡಿ ಪೂರ್ತಿ ಕಾಣುತ್ತದೆ. ನನಗೆ ಅಷ್ಟು ಸಾಕು.

ಬರುವವರನ್ನು ನೋಡುವುದು ನನಗೆ ಇಷ್ಟ. ವಾರಕ್ಕೊಂದು ಟೋಪಿ ಕೊಳ್ಳುವ ತಾತ ಒಬ್ಬರಿದ್ದಾರೆ. ಕನ್ನಡಿಯ ಮುಂದೆ ನಿಂತು, "ಈ ಟೋಪಿಯವನು ನನಗಿಂತ ಚೆನ್ನಾಗಿ ಬಾಳಿದವನು ಕಣಮ್ಮ" ಅನ್ನುತ್ತಾರೆ. ಹೊಸ ಬಟ್ಟೆಯ ಅಂಗಡಿಗೆ ಕಾಲಿಡಲು ಹೆದರುವ ಹುಡುಗಿಯರು ಇಲ್ಲಿ ರೇಷ್ಮೆ ಮುಟ್ಟಿ ನೋಡುತ್ತಾರೆ, ಯಾರೂ ಬೈಯುವುದಿಲ್ಲ. ಕೈ ಹಾಕಿದಲ್ಲಿ ಏನು ಸಿಗುತ್ತದೋ ಗೊತ್ತಿಲ್ಲ ಅನ್ನುವುದೇ ಇಂಥ ಅಂಗಡಿಯ ರುಚಿ. ಅದರ ಕಷ್ಟವೂ ಅದೇ. ಒಂಟಿ ಬೂಟು ಬರುತ್ತದೆ. ಎಷ್ಟು ಒಗೆದರೂ ಬೇರೆಯವರ ಬೆವರು ಉಳಿಯುತ್ತದೆ. ಕೊಂಡ ಕೋಟು ತೊಟ್ಟು ಬೀದಿಗೆ ಹೋದರೆ, ಅದರ ಹಳೆಯ ಒಡತಿ ಎದುರಾಗಿ ಮೇಲಿಂದ ಕೆಳಗೆ ನೋಡುತ್ತಾಳೆ. ಬಟ್ಟೆ ತನ್ನವರನ್ನು ಮರೆಯುವುದಿಲ್ಲ. ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು.

ನಾನೂ ಅಕ್ಕನೂ ಈ ಊರಿಗೆ ಬಂದು ನಾಲ್ಕು ತಿಂಗಳು. ಭಾವನಿಂದ ತಪ್ಪಿಸಿಕೊಂಡು ಬಂದವರು. ಭಾವ ಬಟ್ಟೆ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ಇಪ್ಪತ್ತು ಪದರ ಬಟ್ಟೆಯನ್ನು ಒಂದೇ ಸಲಕ್ಕೆ, ಬ್ಲೇಡ್ ಎತ್ತದೆ ಕತ್ತರಿಸುವ ಕೈ ಅವನದು. ಅಕ್ಕನನ್ನು ಅವನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಅವಳು ಎಡಗೈಯಲ್ಲಿ ಹೊಲಿಯುತ್ತಿದ್ದಳು, ಅದಕ್ಕೆ 'ಎಡಚಿ'. ನಾನು 'ಮೂಗಿ'.

ಒಂದು ಮಧ್ಯಾಹ್ನ ಅಕ್ಕ ತನ್ನನ್ನು ಕೇಳದೆ ಪಕ್ಕದ ಮನೆಯವರ ಅಂಗಿ ಹೊಲಿದುಕೊಟ್ಟಳೆಂದು ಭಾವ ಅವಳ ಎಡಗೈಯನ್ನು ಮೇಜಿಗೆ ಒತ್ತಿ ಹಿಡಿದು ಕಾದ ಇಸ್ತ್ರಿ ಇಟ್ಟ. ನಾನು ಬಾಗಿಲ ಸಂದಿಯಲ್ಲಿದ್ದೆ. ನನಗೆ ಕೂಗಲಾಗಲಿಲ್ಲ. ಅವನು ಇಸ್ತ್ರಿ ಎತ್ತುವ ತನಕ ಹನ್ನೊಂದರವರೆಗೆ ಎಣಿಸಿದ್ದು ಮಾತ್ರ ನೆನಪಿದೆ. ಅಕ್ಕನ ಎರಡು ಬೆರಳು ಒಂದಕ್ಕೊಂದು ಅಂಟಿಕೊಂಡೇ ಮಾಗಿದವು. ಅಂದಿನಿಂದ ಅವಳ ಹೊಲಿಗೆಯಲ್ಲಿ ನಾಲ್ಕಕ್ಕೊಂದು ಎಳೆ ಉದ್ದವಾಗುತ್ತದೆ. ಎಡಗೈಯಾದ್ದರಿಂದ ಹೊಲಿಗೆ ಎಲ್ಲರಂತೆ ಬಲಕ್ಕೆ ವಾಲದೆ ಎಡಕ್ಕೆ ವಾಲುತ್ತದೆ. ಲೋಕದಲ್ಲಿ ಆ ಹೊಲಿಗೆ ಇನ್ನೊಬ್ಬರಿಗೆ ಬಾರದು.

ನರ್ಸಮ್ಮನನ್ನು ಕೇಳಿ ಒಳ್ಳೆಯ ಹರಕು ಬಟ್ಟೆಗಳನ್ನು ನಾನು ಅಕ್ಕನಿಗೆ ಒಯ್ಯುತ್ತಿದ್ದೆ. ಅವಳು ಹೊಲಿದದ್ದು ಮತ್ತೆ ಹ್ಯಾಂಗರಿಗೆ ಬರುತ್ತಿತ್ತು. "ನಿಮ್ಮಕ್ಕನ ಕೈಗೆ ಬಂಗಾರದ ಬಳೆ ಹಾಕಬೇಕು" ಅನ್ನುತ್ತಿದ್ದರು ನರ್ಸಮ್ಮ. ಅಕ್ಕ ಆ ಮಾತು ಕೇಳಿ ಎಷ್ಟೋ ದಿನದ ಮೇಲೆ ನಕ್ಕಳು.

ಹೋದ ವಾರ ಒಂದು ಚೀಲ ಬಂತು. ಹಸಿರು ಜಾಕೆಟ್ಟು, ಬೂದು ಕೋಟು, ಮಗುವಿನ ಸ್ವೆಟರು, ಒಂದು ಬಿಳಿ ಅಂಗಿ. ನಾಲ್ಕೂ ಹೊಸದರಂತೆ ಇದ್ದವು, ನಾಲ್ಕರಲ್ಲೂ ಅಂಗೈ ಉದ್ದದ ಒಂದೊಂದು ಹರಕು. ಜೇಬು ತಿರುವಿದೆ. ಖಾಲಿ. ಅಷ್ಟು ಖಾಲಿ ಜೇಬು ನಾನು ನೋಡಿರಲಿಲ್ಲ, ನೂಲಿನ ಚೂರು ಕೂಡ ಇಲ್ಲ. ಆದರೂ ಖುಷಿಯಿಂದ ಮನೆಗೆ ಒಯ್ದೆ. ಅಕ್ಕ ಮೂರನ್ನು ಎರಡೇ ದಿನದಲ್ಲಿ ಹೊಲಿದಳು, ಅವು ಅಂಗಡಿಯಲ್ಲಿ ತೂಗಿದವು. ನಿನ್ನೆ ಸಂಜೆ ಬಿಳಿ ಅಂಗಿ ಕೈಗೆ ತೆಗೆದುಕೊಂಡು, ಸೂಜಿ ಚುಚ್ಚದೆ ಕೂತಳು.

"ಇದು ಹರಿದದ್ದಲ್ಲ," ಅಂದಳು.

"ಮತ್ತೆ?"

"ಕತ್ತರಿಸಿದ್ದು. ಅವೆಲ್ಲ ದಪ್ಪ ಬಟ್ಟೆ, ಕಾಣಲಿಲ್ಲ. ಇದು ತೆಳು, ನೋಡು. ಈ ಮೂಲೆಗೆ ಎಲ್ಲರೂ ಬ್ಲೇಡ್ ಎತ್ತಿ ತಿರುಗಿಸ್ತಾರೆ. ಇವನು ಎತ್ತಿಲ್ಲ." ಅಂಗಿಯನ್ನು ಮಡಿಸಿ ದೂರ ಇಟ್ಟಳು. "ಅವನು ಯಾವತ್ತೂ ಎತ್ತಲ್ಲ."

ನನಗೆ ಆಗ ಅರ್ಥವಾಯಿತು. ನಾವು ಈ ಊರಲ್ಲಿರುವುದು ಅವನಿಗೆ ಹೇಗೋ ತಿಳಿದಿದೆ. ಊರಲ್ಲಿ ಇಂಥ ಅಂಗಡಿ ಐದಾರು ಇವೆ. ಎಲ್ಲದಕ್ಕೂ ಒಂದೊಂದು ಚೀಲ ಹಾಕಿದ್ದಾನೆ. ಕೆಟ್ಟಿದ್ದನ್ನು ಕಂಡರೆ ಅಕ್ಕನ ಕೈ ಸುಮ್ಮನಿರುವುದಿಲ್ಲ ಎಂದು ಅವನಿಗೆ ಗೊತ್ತು. ಇನ್ನು ಯಾವ ಅಂಗಡಿಯಲ್ಲಿ ಹೊಲಿಗೆ ಎಡಕ್ಕೆ ವಾಲಿದೆ ಎಂದು ನೋಡಿಕೊಂಡು ಬಂದರೆ ಆಯಿತು.

"ನೀನು ಗಂಟು ಕಟ್ಟು ಅಕ್ಕ. ಬೆಳಗ್ಗೆ ಹೋಗಿ ಆ ಮೂರು ತಂದುಬಿಡ್ತೀನಿ," ಅಂದೆ.

ಅಂಗಡಿ ತೆರೆಯುವ ಹೊತ್ತಿಗೇ ಹೋದೆ. ಸ್ವೆಟರು, ಕೋಟು ತೆಗೆದು ಒಳಗಿಟ್ಟು, ಜಾಕೆಟ್ಟಿಗೆ ಹೊರಡಬೇಕು ಅನ್ನುವಷ್ಟರಲ್ಲಿ ಬಾಗಿಲ ಗಂಟೆ ಅಲ್ಲಾಡಿತು. ಪರದೆಯ ತೂತಿಗೆ ಕಣ್ಣಿಟ್ಟೆ.

ಭಾವ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ನೇರವಾಗಿ ಹಸಿರು ಜಾಕೆಟ್ಟಿನ ಹತ್ತಿರ ಹೋದ. ತೋಳನ್ನು ಬೆಳಕಿಗೆ ಹಿಡಿದ. ಹೆಬ್ಬೆರಳಿನಿಂದ ಹೊಲಿಗೆಯನ್ನು ಸವರುತ್ತ ಹೋಗಿ ನಾಲ್ಕನೆಯ ಎಳೆಯ ಮೇಲೆ ನಿಲ್ಲಿಸಿದ. ಆ ಉದ್ದದ ಎಳೆ ಅವನದೇ ಕೆಲಸ, ಗುರುತು ಸಿಗದಿರುತ್ತದೆಯೇ. ನರ್ಸಮ್ಮ ಬೆನ್ನು ತಿರುಗಿಸಿದ್ದೇ ತಡ, ಜೇಬಿನಿಂದ ಬ್ಲೇಡ್ ಬಂತು, ಹೊಲಿದ ಜಾಗವಷ್ಟನ್ನೇ ಚೌಕವಾಗಿ ಕತ್ತರಿಸಿತು, ಚೌಕವೂ ಬ್ಲೇಡೂ ಜೇಬಿಗೆ ಹೋದವು. ಒಂದು ಉಸಿರಿನ ಕೆಲಸ.

"ಅಮ್ಮಾ, ಇಲ್ಲಿ ಹೊಲಿಯೋರು ಯಾರು?" ದನಿ ಜೇನಿನಂತಿತ್ತು. "ನಂದೊಂದು ಕೋಟಿದೆ."

"ಅಯ್ಯೋ, ನಮ್ಮ ಹುಡುಗಿಯ ಅಕ್ಕ ಅಲ್ವಾ. ಹುಡುಗಿ ಒಳಗಿದೆ, ಕೇಳಿ. ಮಾತು ಸ್ವಲ್ಪ ಕಡಿಮೆ ಅದಕ್ಕೆ, ಬೇಜಾರು ಮಾಡ್ಕೋಬೇಡಿ."

"ಗೊತ್ತು ಬಿಡಿ," ಅಂದ ಭಾವ.

ಪರದೆ ಸರಿಯಿತು, ಮತ್ತೆ ಮುಚ್ಚಿತು. ನನ್ನ ಜಡೆ ಅವನ ಮುಷ್ಟಿಗೆ ಸುತ್ತಿಕೊಂಡಿತು, ಮುಖ ಮೇಜಿಗೆ ಬಡಿಯಿತು. ಮೂಗಿನೊಳಗೆ ಏನೋ ಮುರಿದಂತಾಗಿ, ಬಾಯಿಗೆ ಉಪ್ಪು ಬಂತು. ರಕ್ತ ಮಗುವಿನ ಸ್ವೆಟರಿನ ಮೇಲೆ ಬೀಳುತ್ತಿತ್ತು. ಕಲೆ ಹೋಗುವುದಿಲ್ಲ ಎಂದು ಯೋಚಿಸಿದೆ. ಅಂಥ ಹೊತ್ತಲ್ಲೂ ಅದೇ ಯೋಚನೆ.

"ಎಡಚಿ ಎಲ್ಲಿದ್ದಾಳೆ?"

ಮತ್ತೊಮ್ಮೆ ಬಡಿದ.

"ಅಕ್ಕನನ್ನು ಓಡಿಸಿದ್ದು ನೀನೇ ಅಲ್ವಾ ಮೂಗಿ? ನಿನ್ನ ಅನ್ನ ನಾನು ಹಾಕಿದ್ದು. ಆ ಸಂದಿಯಲ್ಲಿ ನಿಂತು ಕಣ್ಣು ಬಿಡ್ತಿದ್ದೆಯಲ್ಲ, ಆವತ್ತೇ ಕೀಳಬೇಕಿತ್ತು."

ಮೇಜಿನ ಮೇಲೆ ಬೆಲೆಚೀಟಿ ಚುಚ್ಚುವ ಯಂತ್ರ ಇತ್ತು. ಪಿಸ್ತೂಲಿನಂತೆ ಹಿಡಿ, ತುದಿಯಲ್ಲಿ ದಬ್ಬಣದಂಥ ಸೂಜಿ. ಒತ್ತಿದರೆ ಬಟ್ಟೆಗೆ ಪ್ಲಾಸ್ಟಿಕ್ ದಾರ ತೂರಿ ಚೀಟಿ ತೂಗುತ್ತದೆ. ಅವನು ಅದನ್ನೆತ್ತಿ ನನ್ನ ಕಿವಿಯ ಹಾಲೆಗೆ ಇಟ್ಟು ಒತ್ತಿದ. ಟಕ್ ಎಂದಿತು. ಕಿವಿಯಲ್ಲಿ ಬೆಂಕಿ, ಕೆನ್ನೆಯ ಮೇಲೆ ಕಾಗದದ ಚೀಟಿ. ಅವನು ಬಗ್ಗಿ ಓದಿದ.

"ಇಷ್ಟೇನಾ ನಿನ್ನ ಬೆಲೆ," ಎಂದು ನಕ್ಕ. ಸೂಜಿಯನ್ನು ಕಣ್ಣಿನ ಹತ್ತಿರ ತಂದ. "ಇನ್ನೊಂದು ಸಲ ಕೇಳ್ತೀನಿ."

ಆಗ ನನ್ನ ಗಂಟಲು ತೆರೆಯಿತು. ಅಷ್ಟು ಉದ್ದದ ಮಾತು ನಾನು ಅವನೊಂದಿಗೆ ಎಂದೂ ಆಡಿರಲಿಲ್ಲ.

"ಮನೆ ನಂಗೆ ಗೊತ್ತಿಲ್ಲ ಭಾವ. ವಾರಕ್ಕೊಂದು ಮನೆ ಬದಲಾಯಿಸ್ತಾಳೆ. ಹೊಲಿದದ್ದನ್ನ ಹಿಂದಿನ ಪೆಟ್ಟಿಗೆಗೆ ಹಾಕಿ ಹೋಗ್ತಾಳೆ. ಚೀಲದಲ್ಲಿ ಚೀಟಿ ಇರತ್ತೆ, ಎಲ್ಲಿಗೆ ಬರಬೇಕು ಅಂತ. ಇವತ್ತಿನದು ಇನ್ನೂ ತೆಗೆದಿಲ್ಲ. ಕೀಲಿ ಲಾರಿಯವನ ಹತ್ತಿರ."

ಹಿತ್ತಲ ಗೋಡೆಗೆ ಒರಗಿ ಆ ಕಬ್ಬಿಣದ ಪೆಟ್ಟಿಗೆ ನಿಂತಿದೆ, ಆಳೆತ್ತರ. ಅಂಗಡಿ ಮುಚ್ಚಿದಾಗ ಜನ ಅದರ ಬಾಯಿಗೆ ಚೀಲ ಹಾಕಿ ಹೋಗುತ್ತಾರೆ. ಬಾಯಿಗೆ ಮೇಲಿನಿಂದ ತೂಗುವ ದಪ್ಪ ಮುಚ್ಚಳ, ಎರಡು ಕೈಯಲ್ಲಿ ಎತ್ತಿ ಹಿಡಿಯಬೇಕು. ಒಳಗೆ ಬಿದ್ದದ್ದನ್ನು ಯಾರೂ ಎಳೆದುಕೊಳ್ಳದಿರಲಿ ಎಂದು ಮುಚ್ಚಳದ ಅಂಚಿಗೆ ಒಳಮುಖವಾಗಿ ಹಲ್ಲುಗಳಿವೆ. ಪೆಟ್ಟಿಗೆ ಖಾಲಿ ಮಾಡಲು ಬರುವ ಲಾರಿಯವನ ಎರಡು ಉಗುರು ಅಲ್ಲೇ ಹೋದದ್ದು. 'ಕೈ ಹಾಕಬೇಡಿ' ಎಂದು ಬರೆದ ಹಲಗೆ ಮುಚ್ಚುವಂತೆ ಯಾರೋ ಚೀಲ ಒರಗಿಸಿ ಹೋಗಿದ್ದರು. ಅದನ್ನು ನಾನು ಸರಿಸಲಿಲ್ಲ.

ಭಾವ ನನ್ನನ್ನು ಜಡೆ ಹಿಡಿದೇ ಅಲ್ಲಿಗೆ ಎಳೆದು ತಂದ. ಮುಚ್ಚಳ ತುಸು ಎತ್ತಿ ಬಾಯಿಯೊಳಗೆ ಇಣುಕಿದ. ಕೆಳಗೆ ಯಾವುದೋ ನೀಲಿ ಚೀಲದ ಕಿವಿ ಕಾಣುತ್ತಿತ್ತು.

"ಅದೇನಾ?"

ತಲೆಯಾಡಿಸಿದೆ.

"ಎತ್ತಿ ಹಿಡಿ ಮೂಗಿ. ಬಿಟ್ಟರೆ ಕೊಂದುಬಿಡ್ತೀನಿ."

ಎರಡು ಕೈಯಿಂದ ಎತ್ತಿ ಹಿಡಿದೆ. ಅವನು ಎಡಗೈಯಲ್ಲಿ ನನ್ನ ಜಡೆ ಹಿಡಿದುಕೊಂಡು, ಬಲಗೈಯನ್ನು ಒಳಗೆ ಹಾಕಿದ. ಮೊಣಕೈವರೆಗೆ ಹೋಯಿತು. ಚೀಲ ಸಿಗಲಿಲ್ಲ. ತುದಿಗಾಲಲ್ಲಿ ನಿಂತು ಭುಜದವರೆಗೆ ತೂರಿಸಿದ. ಅವನ ಕೆನ್ನೆ ಕಬ್ಬಿಣಕ್ಕೆ ಒತ್ತಿಕೊಂಡಿತ್ತು, ಕಣ್ಣು ನನ್ನ ಮೇಲಿತ್ತು. ಬೆರಳು ಚೀಲಕ್ಕೆ ತಾಗಿರಬೇಕು, ಒಂದು ಗಳಿಗೆ ಕಣ್ಣು ಅತ್ತ ತಿರುಗಿತು.

ನಾನು ಬಿಟ್ಟೆ. ಬರೀ ಬಿಡಲಿಲ್ಲ, ಮುಚ್ಚಳದ ಹಿಡಿಗೆ ಜೋತುಬಿದ್ದು ಕಾಲೆರಡೂ ನೆಲದಿಂದ ಎತ್ತಿದೆ.

ಹಸಿ ಕಟ್ಟಿಗೆಯನ್ನು ಮೊಣಕಾಲಿಗೆ ಹಾಕಿ ಮುರಿದಂಥ ಸದ್ದು. ಅವನು ಕೂಗಿದ್ದು ನರ್ಸಮ್ಮನ ಕಿವಿಗೂ ಕೇಳಿತು. ಜಡೆ ಬಿಡಲಿಲ್ಲ, ಕೂದಲು ಬೇರುಸಹಿತ ಅವನ ಕೈಗೆ ಬಂತು. ಆ ಕೈ ನನ್ನ ಕುತ್ತಿಗೆಗೆ ಬಂದಾಗ ಹೆಬ್ಬೆರಳಿನ ಬುಡವನ್ನು ಕಚ್ಚಿದೆ, ಹಲ್ಲಿಗೆ ಹಲ್ಲು ತಾಗುವವರೆಗೆ. ಅವನು ಎಳೆದಷ್ಟೂ ಮುಚ್ಚಳದ ಹಲ್ಲು ತೋಳಿಗಿಳಿಯುತ್ತಿತ್ತು. ನಾನು ಮನಸ್ಸಿನಲ್ಲೇ ಎಣಿಸಲು ಶುರುಮಾಡಿದೆ. ಹನ್ನೊಂದಕ್ಕೆ ನಿಲ್ಲಿಸಲಿಲ್ಲ.

ನರ್ಸಮ್ಮ ಬಾಗಿಲಲ್ಲಿ ನಿಂತು ಅವನನ್ನು ನೋಡಿದರು, ನನ್ನ ಮೂಗು ನೋಡಿದರು, ಕಿವಿಯಲ್ಲಿ ತೂಗುತ್ತಿದ್ದ ಚೀಟಿ ನೋಡಿದರು.

"ಎರಡು ಕಡೆ ಮುರಿದಿದೆ," ಅಂದರು, ಆಸ್ಪತ್ರೆಯ ದನಿಯಲ್ಲಿ. "ತೆಗೆದರೆ ರಕ್ತ ಹೆಚ್ಚು ಹೋಗತ್ತೆ. ಪೊಲೀಸರು ಬರೋ ತನಕ ಹಾಗೇ ಇರಲಿ."

"ಅಮ್ಮಾ, ತೆಗೀರಿ," ಅಂದ ಭಾವ. ಅವನು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

"ನೋವಾಗತ್ತಪ್ಪ. ಗೊತ್ತು." ನರ್ಸಮ್ಮ ನನ್ನತ್ತ ತಿರುಗಿದರು. "ಜೇಬು ನೋಡಿದ್ಯಾ?"

ಮರೆತಿದ್ದೆ. ತಿರುವಿದೆ. ಬ್ಲೇಡು, ಐದು ಅಂಗಡಿಗಳ ಹೆಸರು ಬರೆದ ಕಾಗದ, ಅದರಲ್ಲಿ ನಾಲ್ಕಕ್ಕೆ ಗೀಟು. ಹಸಿರು ಬಟ್ಟೆಯ ಚೌಕ. ಚೌಕವನ್ನು ನನ್ನ ಜೇಬಿಗೆ ಹಾಕಿಕೊಂಡು ಉಳಿದದ್ದನ್ನು ನರ್ಸಮ್ಮನಿಗೆ ಕೊಟ್ಟೆ.

ಪೊಲೀಸರು ಭಾವನನ್ನು ಒಯ್ದ ಮೇಲೆ, ಮಧ್ಯಾಹ್ನ ಮನೆಗೆ ಹೋದಾಗ ಅಕ್ಕ ಕಟ್ಟಿದ ಗಂಟಿನ ಮೇಲೆ ಕೂತಿದ್ದಳು. ನನ್ನ ಮುಖ ನೋಡಿ ಎದ್ದು ನಿಂತಳು. ಹೇಳಿದೆ, ಒಂದೂ ಬಿಡದೆ.

"ಯಾವ ಕೈ?"

"ಬಲಗೈ. ಕತ್ತರಿಸೋ ಕೈ."

ಅಕ್ಕ ತನ್ನ ಅಂಟಿದ ಬೆರಳುಗಳನ್ನು ನೋಡಿಕೊಂಡಳು. ಖುಷಿಯಾಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ, ಅಷ್ಟು ಹತ್ತಿರದಿಂದ ನೋಡಿದರೂ. ಆಮೇಲೆ ಕತ್ತರಿ ಹುಡುಕಿ, ನನ್ನ ಕಿವಿಯ ಪ್ಲಾಸ್ಟಿಕ್ ದಾರವನ್ನು ಕತ್ತರಿಸಿ ಮೆಲ್ಲಗೆ ಎಳೆದಳು. ನರ್ಸಮ್ಮ ತೆಗೆಯಲು ಬಂದಾಗ ನಾನೇ ಬೇಡ ಅಂದಿದ್ದೆ.

"ಜಾಕೆಟ್ಟು ತಂದಿದ್ದೀಯಾ?"

ಕೊಟ್ಟೆ, ಚೌಕವನ್ನೂ ಕೊಟ್ಟೆ. ಅವಳು ಅದನ್ನು ತೂತಿನ ಮೇಲಿಟ್ಟು ನೋಡಿದಳು. ಸುತ್ತಲೂ ಸರಿಯಾಗಿ ಕೂತಿತು, ಅವನ ಬ್ಲೇಡು ಅಷ್ಟು ನೇರ.

"ಇದನ್ನ ಇನ್ನು ಯಾರೂ ಕೊಳ್ಳಲ್ಲ," ಅಂದಳು. ಗಂಟು ಬಿಚ್ಚಿ ಸೂಜಿಡಬ್ಬಿ ತೆಗೆದಳು. "ತೋಳು ಚಾಚು, ನಿನ್ನ ಅಳತೆ ನೋಡ್ತೀನಿ."